ಹೊಯ್ಗೆ ಬಜಾರಿನಲ್ಲಿ ನಿಲ್ಲದ ದೋಣಿ

ನೀರೇರಿದ ಎಂಬತ್ತನಾಲ್ಕನೆಯ ವರ್ಷ,
ಹದಿಮೂರನೆಯ ತಿಂಗಳು, ಮಹಾ ಇಳಿತ ಕಳೆದ ಮೂರನೆಯ ದಿನ.
ಕದ್ರಿ ಗುಡ್ಡ, ಮಂಗಳೂರು.

ಹೊಯ್ಗೆ ಬಜಾರಿನ ಕಡೆಯ ಓಣಿಯಲ್ಲಿ, ಕೊನೆಯಿಂದ ಎರಡನೆಯ ಮನೆಯಲ್ಲಿ ವಾಸವಾಗಿರುವ ನನ್ನ ಹಿರಿಯರಿಗೆ ವಾರಿಜಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ, ಯಾರೋ ತಲೆಕೆಟ್ಟವರು ಬರೆದದ್ದೆಂದು ಕಾಗದ ಮಡಚಿಡಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು. ಸಮುದ್ರದ ಉಬ್ಬರ ಇಳಿತಗಳಿಗೆ ಪಂಚಾಂಗ ಹೊಂದಲೆಂದು ನಾವು ವರ್ಷದ ಕೊನೆಗೆ ಹದಿಮೂರು ದಿನಗಳ ಒಂದು ಪುಟ್ಟ ತಿಂಗಳನ್ನು ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ, ಅದಕ್ಕೂ ಕ್ಷಮಿಸಿ. ನಿಮ್ಮ ಕಾಲಕ್ಕೆ ಕಾಗದ ಬರೆಯುವವರೆಲ್ಲ ನೀರು ಏರಿದ ವಿಷಯ ಎತ್ತಿ ನಿಮ್ಮನ್ನು ಚೆನ್ನಾಗಿ ಬೈದೇ ಮುಂದುವರಿಯುತ್ತಾರಂತೆ. ನಾನು ಬೈಯುವುದಿಲ್ಲ. ನನ್ನ ಸಿಟ್ಟೆಲ್ಲ ಸದ್ಯಕ್ಕೆ ಮನೆಯವರ ಮೇಲೆಯೇ ಖರ್ಚಾಗಿದೆ.

ನೀವು ಈಗ ನಿಂತಿರುವ ನೆಲದ ಮೇಲೆ ನಮ್ಮ ಕಾಲದಲ್ಲಿ ಎರಡು ಮಾಳಿಗೆಯಷ್ಟು ನೀರಿದೆ. ಬಂದರು, ಹೊಯ್ಗೆ ಬಜಾರು, ಬೋಳಾರ ಎಲ್ಲವೂ ನೀರಿನ ಕೆಳಗೆ. ನಾವು ಗುಡ್ಡ ಹತ್ತಿದ್ದೇವೆ. ಗುಡ್ಡದ ಮೇಲಿನ ಮಂಗಳೂರು ಈಗ ಬಜಪೆಯಿಂದಾಚೆಗೂ ಬೆಳೆದ ದೊಡ್ಡ ಶಹರ. ಕೆಳಗಿನ ಮಂಗಳೂರನ್ನು ನೋಡಲು ಘಟ್ಟದ ಮೇಲಿನವರು ದಿನಕ್ಕೆ ಸಾವಿರಗಟ್ಟಲೆ ಬರುತ್ತಾರೆ, ಅವರಿಗಾಗಿ ಹಾರುದೋಣಿಗಳಿವೆ. ಹಂಪನಕಟ್ಟೆಯ ಇಳಿಜಾರಿನ ದಕ್ಕೆಯಿಂದ ಹೊರಟ ದೋಣಿ ನಾಲ್ಕು ಮಾರು ಹೋಗುವುದರೊಳಗೆ ತನ್ನ ಕಬ್ಬಿಣದ ಕಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ಅದರ ಹೊಟ್ಟೆ ನೀರಿಗೆ ತಾಗುವುದಿಲ್ಲ. ನಿಮ್ಮ ಲೆಕ್ಕದ ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಅದು ನೀರಿನಿಂದ ತಲೆ ಎತ್ತಿದ ವಸತಿ ಕಟ್ಟಡಗಳ ನಡುವೆ ನುಸುಳುತ್ತದೆ. ಒಂದು ಕಟ್ಟಡದ ಮೂರನೆಯ ಮಾಳಿಗೆಯ ಬಾಲ್ಕನಿಗಳನ್ನು ಕೈ ಚಾಚಿದರೆ ಮುಟ್ಟಬಹುದು, ಅಷ್ಟು ಹತ್ತಿರ ವಾಲಿಸುತ್ತಾರೆ. ಪ್ರವಾಸಿಗಳು ಕಿರುಚುತ್ತಾರೆ, ಕಿರುಚುವುದಕ್ಕೇ ಬಂದಿರುತ್ತಾರೆ. ನಾನು ಆ ದೋಣಿಯ ಹೇಳುಗಾರ್ತಿ. ಮೈಕು ಹಿಡಿದು ಎಡಕ್ಕೇನು, ಬಲಕ್ಕೇನು ಎಂದು ಹೇಳುವುದು ಹದಿನೇಳು ವರ್ಷಗಳಿಂದ ನನ್ನ ಕೆಲಸ.

ಈ ಓಟದ ನಡುವೆ ಒಂದು ಪದ್ಧತಿಯುಂಟು. ಅದನ್ನು ನಾವು ‘ಮೆಲ್ಲ’ ಎನ್ನುತ್ತೇವೆ. ನೀರಡಿಯಾದ ಮನೆಯವರು ಹಕ್ಕು ಉಳಿಸಿಕೊಂಡಿದ್ದರೆ, ಆ ಮನೆಯ ಮೇಲೆ ಬಂದಾಗ ಎಂಥ ದೋಣಿಯಾದರೂ ನೀರಿಗಿಳಿದು, ಇಂಜಿನ್ ಆರಿಸಿ ತೇಲಬೇಕು. ಹೇಳುಗಾರ್ತಿ ಆ ಮನೆಯಲ್ಲಿ ಬಾಳಿದವರ ಹೆಸರುಗಳನ್ನು ಓದುತ್ತಾಳೆ. ಮನೆಯವರು ದೋಣಿಯಲ್ಲಿದ್ದರೆ ನೀರು ಮುಟ್ಟಿ, ಒದ್ದೆ ಕೈಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ದಾರಿಯಲ್ಲಿ ನಾನೂರು ಮೆಲ್ಲಗಳಿದ್ದವು, ಈಗ ಅರುವತ್ತೂ ಇಲ್ಲ. ಮೆಲ್ಲ ಬಿಟ್ಟುಕೊಟ್ಟ ಮನೆಯನ್ನು ದೋಣಿಸಂಘದವರು ನೀರಡಿಯಲ್ಲೇ ಕೊಯ್ದು ಸಪಾಟು ಮಾಡುತ್ತಾರೆ, ದೋಣಿ ನೆಟ್ಟಗೆ ಹೋಗಲೆಂದು. ನಮ್ಮ ಮನೆಯ ಮೆಲ್ಲವನ್ನು, ಅಂದರೆ ನಿಮ್ಮ ಮನೆಯದನ್ನು, ನಾವು ಬಿಟ್ಟಿರಲಿಲ್ಲ. ಬಿಟ್ಟಿಲ್ಲವೆಂದೇ ನಾನು ನಂಬಿದ್ದೆ.

ಆ ಮನೆಯಲ್ಲಿ ಹುಟ್ಟಿದವರಲ್ಲಿ ಉಳಿದಿರುವವಳು ನಮ್ಮ ಅಜ್ಜಿ ಒಬ್ಬಳೇ. ತೊಂಬತ್ತೊಂದು ವರ್ಷ, ಹೆಸರು ಮಾತ್ರ ಬೇಬಿ. ನನ್ನನ್ನೂ ನನ್ನ ತಮ್ಮ ಹರಿಣಾಕ್ಷನನ್ನೂ ಸಾಕಿದವಳು ಅವಳೇ. ಏಳನೆಯ ವಯಸ್ಸಿನಲ್ಲಿ, ಮುಂದಿನ ಎರಡು ಹಾಲುಹಲ್ಲು ಬಿದ್ದು, ಅವನ್ನು ತಾರಸಿಯ ಟ್ಯಾಂಕಿನ ಕಟ್ಟೆಯ ಮೇಲೆಸೆದು ಇಳಿದ ವಾರವೇ ಮನೆ ಬಿಟ್ಟು ಬಂದವಳಂತೆ. ಆಮೇಲೆ ಒಮ್ಮೆಯೂ ನೋಡಲು ಹೋಗಿರಲಿಲ್ಲ. ನಾವು ಎಷ್ಟು ಕರೆದರೂ, “ನಡೆದುಕೊಂಡು ಹೊರಗೆ ಬಂದ ಮನೆಯ ತಲೆ ಮೇಲೆ ಕೂತು ಹೋಗುದಾ? ನನಗೆ ಆಗುದಿಲ್ಲ ಮಾರಾಯ್ತಿ” ಎನ್ನುತ್ತಿದ್ದಳು. ಈ ವರ್ಷ ಅವಳ ಕಣ್ಣು ಹೋಗುತ್ತಿದೆ. ಬೆಳಕು ಕತ್ತಲೆ ತಿಳಿಯುತ್ತದೆ, ಮುಖಗಳು ತಿಳಿಯುವುದಿಲ್ಲ. ಮುಂದಿನ ವರ್ಷಕ್ಕೆ ಅದೂ ಇರುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಒಂದು ದಿನ ತಾನಾಗಿಯೇ ಕೇಳಿದಳು: “ಮಹಾ ಇಳಿತಕ್ಕೆ ನನ್ನನ್ನು ಒಮ್ಮೆ ಕರ್ಕೊಂಡು ಹೋಗ್ತೀಯಾ ವಾರಿಜಾ? ಮುಟ್ಟಿ ಬರುವ.” ಮಹಾ ಇಳಿತ ವರ್ಷಕ್ಕೊಂದೇ ದಿನ. ಅಂದು ನಿಮ್ಮ ಮನೆಯ ಟ್ಯಾಂಕಿನ ಕಟ್ಟೆ ನೀರಿನಿಂದ ಒಂದು ಗೇಣು ಕೆಳಗಷ್ಟೇ ಇರುತ್ತದೆ, ಕೈಗೆ ಸಿಗುತ್ತದೆ.

ದೋಣಿ ಹರಿಣಾಕ್ಷನದೇ. ಅವನು ಈ ವರ್ಷ ಮೊದಲ ದೋಣಿಯ ಚಾಲಕನಾಗಿದ್ದಾನೆ, ಮಂಗಳೂರಿಗೇ ಅತಿ ವೇಗದ್ದು. ಹುಡುಗನಾಗಿದ್ದಾಗಿನಿಂದ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಕೆಲಸ ಸಿಕ್ಕ ದಿನ ನಾನು ಬೀದಿಗೆಲ್ಲ ಪಾಯಸ ಹಂಚಿದ್ದೆ. ಅಜ್ಜಿ ಬರುತ್ತಾಳೆಂದು ಹೇಳಿದಾಗ ಅವನು ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ. “ಬರ್ಲಿ” ಎಂದ. ಅಷ್ಟೇ. ಆ ದಿನ ದಕ್ಕೆಯ ಮೆಟ್ಟಿಲುಗಳಲ್ಲಿ ಅವಳನ್ನು ಕೈಹಿಡಿದು ಇಳಿಸಿದವನು ಅವನೇ. ಬಲಗಡೆಯ ಮುಂದಿನ ಸೀಟಿನಲ್ಲಿ ಕೂರಿಸಿ, ಎದೆಪಟ್ಟಿ ಬಿಗಿದು, ಬಿಗಿಯಾಯಿತಾ ಅಜ್ಜಿ ಎಂದು ಕೇಳಿದವನೂ ಅವನೇ.

ದೋಣಿ ಎದ್ದಿತು. ಬಂದರಿನ ಗೋದಾಮುಗಳ ಸಾಲು ದಾಟಿದೆವು, ಕಟ್ಟಡಗಳ ನಡುವೆ ಮೂರು ಸಲ ವಾಲಿದೆವು, ಪ್ರವಾಸಿಗಳು ಕಿರುಚಿದರು. ಅಜ್ಜಿಯೂ ಒಮ್ಮೆ ಕಿರುಚಿ, ನಾಚಿಕೆಯಿಂದ ನಕ್ಕಳು. ಹೊಯ್ಗೆ ಬಜಾರು ಬರುತ್ತಿದ್ದಂತೆ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಲಗೈ ಹೊರಗೆ ಚಾಚಿ ಕಾದಳು. ನಾನು ರೂಢಿಯಂತೆ ಮೈಕಿನಲ್ಲಿ, ಚಾಲಕರೇ, ಮುಂದೆ ಮೆಲ್ಲ, ಎಂದೆ. ಚಾಲಕ ಎರಡು ಸಲ ಗಂಟೆ ಬಾರಿಸಿ ಒಪ್ಪಬೇಕು. ಗಂಟೆಯಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನ ಎದುರಿನ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಆ ಕಣ್ಣು ಅಜ್ಜಿಯ ಕೈಯನ್ನು ನೋಡಿತು, ನನ್ನನ್ನು ನೋಡಿತು, ದಾರಿಗೆ ತಿರುಗಿತು. ನಿಮ್ಮ ಮನೆಯ ಪಕ್ಕದಿಂದಲೇ ನಾವು ನೂರಿಪ್ಪತ್ತರಲ್ಲಿ ಹೋದೆವು. ಅಜ್ಜಿಯ ಅಂಗೈಗೆ ತುಂತುರು ಮರಳು ಎರಚಿದ ಹಾಗೆ ಹೊಡೆಯುತ್ತಿತ್ತು. ಆದರೂ ಅವಳು ಕೈ ಒಳಗೆ ತೆಗೆದುಕೊಳ್ಳಲಿಲ್ಲ.

“ಇನ್ನೂ ಬರ್ಲಿಲ್ವಾ ಮನೆ?” ಎಂದು ಕೇಳಿದಳು.

ಮುಂದೆ ಮೂರು ಓಣಿ ದಾಟಿದೆವು. ಅಲ್ಲಿ ಇದಿನಬ್ಬನವರ ಮನೆಯ ಮೆಲ್ಲ. ಬ್ಯಾರಿಗಳು, ಹಳೆಯ ಮನೆತನ, ಅವರು ಹಕ್ಕು ಬಿಟ್ಟಿಲ್ಲ. ಹರಿಣಾಕ್ಷ ಗಂಟೆ ಬಾರಿಸಿದ. ದೋಣಿ ನೀರಿಗಿಳಿಯಿತು, ಇಂಜಿನ್ ಆರಿತು. ಅವರ ಮನೆಯ ಮೇಲೂ ಟ್ಯಾಂಕಿನ ಕಟ್ಟೆಯಿದೆ. ನಾನು ಮೈಕು ಆರಿಸಿದೆ. ಅಜ್ಜಿಯ ಪಕ್ಕ ಕುಳಿತು, ಅವಳ ಕೈ ಹಿಡಿದು ನೀರೊಳಗಿಳಿಸಿ, ಬಂತು ಅಜ್ಜಿ, ಮುಟ್ಟು, ಎಂದೆ. ಅವಳು ಪಾಚಿ ಹಿಡಿದ ಸಿಮೆಂಟನ್ನು ಬೆರಳುಗಳಿಂದ ಸವರಿದಳು. “ಇಷ್ಟು ಹತ್ತಿರ ಉಂಟಾ? ನಾನು ಎಲ್ಲ ಕರಗಿ ಹೋಗಿರ್ತದೆ ಅಂತ ಗ್ರಹಿಸಿದ್ದೆ” ಎಂದಳು. ಆಮೇಲೆ ಅವಳ ಅಪ್ಪ ವಾಮನ, ಅಮ್ಮ ಜಲಜ, ತಮ್ಮ ಭೋಜ ಎಂದು ಒಂದೊಂದೇ ಹೆಸರನ್ನು ಅಲ್ಲಿ ಹೇಳಿದಳು. ಒದ್ದೆ ಕೈಯನ್ನು ಎದೆಗೆ ಒತ್ತಿಕೊಂಡಳು. ಇದಿನಬ್ಬನವರ ಮನೆಯ ಹನ್ನೊಂದು ಹೆಸರುಗಳು ಬರೆದ ಕಾಗದ ನನ್ನ ಮಡಿಲಲ್ಲಿ ಓದದೆ ಉಳಿಯಿತು. ಹದಿನೇಳು ವರ್ಷಗಳಲ್ಲಿ ನಾನು ನುಂಗಿಕೊಂಡ ಹೆಸರುಗಳು ಅವಷ್ಟೇ.

ಸಂಜೆ ದೋಣಿಸಂಘದ ಕಚೇರಿಗೆ ಹೋದೆ. ನಮ್ಮ ಕಾಲದಲ್ಲಿ ಕಾಗದಕ್ಕೆ ಸಹಿ ಇಲ್ಲ, ದನಿಮುದ್ರೆ ಇದೆ. ಒಪ್ಪಂದವನ್ನು ಗಟ್ಟಿಯಾಗಿ ಓದಿದರೆ ಒಪ್ಪಿದಂತೆ, ಓದಿದ ದನಿಯೇ ಸಾಕ್ಷಿ. ಬಿಟ್ಟುಕೊಟ್ಟ ಮೆಲ್ಲ ರದ್ದಾಗುವುದು ಮಹಾ ಇಳಿತದ ದಿನ, ಅಲ್ಲಿಯವರೆಗೆ ದೋಣಿ ನಿಲ್ಲುತ್ತದೆ. ಮೆಲ್ಲ ಬಿಡಬೇಕಾದರೆ ಮನೆಯ ಎರಡು ದನಿ ಬೇಕು. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವುದರಿಂದ, ಅದರಲ್ಲೊಂದು ಹೆಣ್ಣಿನದೇ ಆಗಬೇಕು. ನಮ್ಮ ಮೆಲ್ಲ ಬಿಟ್ಟಾಗಿದೆ, ಒಂದು ದನಿ ಹರಿಣಾಕ್ಷನದು ಎಂದರು. ಯಾರದು ಆ ಹೆಣ್ಣಿನ ದನಿ, ಕೇಳಿಸಿ, ಎಂದು ಜೋರು ಮಾಡಿದೆ. ಗುಮಾಸ್ತೆ ಪಾಪ, ಕೇಳಿಸಿದಳು. ಅದು ನನ್ನದು. ನೂರ ಹದಿನೇಳನೆಯ ಗುರುತಿನ ಮೆಲ್ಲವನ್ನು ಸಂತೋಷದಿಂದ ಬಿಟ್ಟುಕೊಡುತ್ತೇವೆ ಎಂದು, ಪ್ರವಾಸಿಗಳಿಗೆ ಸ್ವಾಗತ ಹೇಳುವ ಅದೇ ರಾಗದಲ್ಲಿ, ನಡುವೆ ಸರಿಯಾಗಿ ಉಸಿರು ತೆಗೆದು ಓದಿದ್ದೆ.

ನೆನಪಾಯಿತು. ಮಳೆಗಾಲದ ಒಂದು ಬೆಳಿಗ್ಗೆ ಅವನು ಎಂದೂ ಇಲ್ಲದ್ದು ತಾನೇ ಗಂಜಿ ಬೇಯಿಸಿ, ಒಣಮೀನಿನ ಚಟ್ನಿ ಅರೆದು ನನ್ನ ಮುಂದಿಟ್ಟಿದ್ದ. ಜೊತೆಗೆ ನಾಲ್ಕು ಹಾಳೆ. “ಅಕ್ಕ, ದಾರಿಯ ಹೊಸ ಪಟ್ಟಿಯಂತೆ. ಒಮ್ಮೆ ಓದಿ ನೋಡು, ಉಸಿರು ಎಲ್ಲಿ ತೆಗೆದರೆ ಸರಿಯಾಗ್ತದೆ ಅಂತ” ಎಂದಿದ್ದ. ನಾನು ಓದುವಾಗ ಅವನು ದನಿಮುದ್ರೆ ತೆಗೆದುಕೊಂಡದ್ದು ನನಗೆ ತಿಳಿಯಲಿಲ್ಲ. ಹೇಳುಗಾರ್ತಿಯರು ಹೊಸ ಕಾಗದ ಓದುವುದೇ ಹಾಗೆ. ಮೊದಲು ರಾಗ, ಉಸಿರು, ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು. ಅರ್ಥ ಮಾರನೆಯ ದಿನಕ್ಕೆ. ಗುರುತಿನ ಸಂಖ್ಯೆಗಳು ಕಚೇರಿಯವರ ಪಾಲಿಗೆ, ನಮಗೆ ಓಣಿಯ ಹೆಸರು ಸಾಕು. ಹದಿನೇಳು ವರ್ಷ ಅನ್ನ ಕೊಟ್ಟ ಆ ಅಭ್ಯಾಸವನ್ನು ನನ್ನ ತಮ್ಮನಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ? ಮೊದಲ ದೋಣಿಯ ಚಾಲಕನಿಗೆ ದಾರಿಯಲ್ಲಿ ಸ್ವಂತದ ಮೆಲ್ಲ ಇರಕೂಡದೆಂಬ ನಿಯಮವೂ ಅಂದೇ ಆ ಕಚೇರಿಯಲ್ಲಿ ನನಗೆ ತಿಳಿಯಿತು.

ಮನೆಗೆ ಬಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು. “ನೀನೇ ಓದಿದ್ದಲ್ವಾ ಅಕ್ಕ? ನಾನೆಂತ ಬಾಯಿ ಹಿಡಿದು ಓದಿಸಿದ್ದಾ?” ಎಂದ. ಆಮೇಲೆ ದನಿ ತಗ್ಗಿಸಿ, “ಅಜ್ಜಿ ಎಂಬತ್ತು ವರ್ಷದಲ್ಲಿ ಒಮ್ಮೆ ಹೋದವಳಾ? ಹೋಗುದೇ ಇಲ್ಲ ಅಂತ ನಾನು ಗ್ರಹಿಸಿದೆ. ಅಲ್ಲಿ ನಿಲ್ಲಿಸಿದ್ರೆ ಅದೇ ದಿನ ನನ್ನನ್ನು ಇಳಿಸ್ತಿದ್ರು” ಎಂದ. ಇಳಿಸಲಿ ಎಂದು ನಿಲ್ಲಿಸಬಹುದಿತ್ತಲ್ಲ. ನಾನು ಎತ್ತಿ ಆಡಿಸಿದ ಕೂಸು ಅದು. ಪರರು ಮಾಡಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಇವನು ನನ್ನ ಗಂಟಲನ್ನೇ ತೆಗೆದುಕೊಂಡು ಹೋಗಿ ಕೆಲಸ ಮುಗಿಸಿಕೊಂಡಿದ್ದಾನೆ. ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವ ಅಂದಾಜೂ ಇಲ್ಲ.

ಅಜ್ಜಿ ಮಾತ್ರ ಮೂರು ದಿನಗಳಿಂದ ಖುಷಿಯಲ್ಲಿದ್ದಾಳೆ. ಮನೆಗೆ ಬಂದವರಿಗೆಲ್ಲ ಅದೇ ಕಥೆ. “ನನ್ನ ಪುಳ್ಳಿ ಎಷ್ಟು ಮೆಲ್ಲ ಇಳಿಸಿದ ಗೊತ್ತುಂಟಾ? ಒಂದು ಕುಲುಕು ಇಲ್ಲ” ಎಂದು ಮೊಮ್ಮಗನನ್ನು ಹೊಗಳುತ್ತಾಳೆ, ನನ್ನ ಕಡೆ ತಿರುಗಿ “ಅಲ್ವಾ ವಾರಿಜಾ?” ಎನ್ನುತ್ತಾಳೆ. ನಾನು ಹೌದು ಎನ್ನುತ್ತೇನೆ. ಅವನು ಕದ್ದದ್ದು ಒಮ್ಮೆ, ನಾನು ದಿನಕ್ಕೆ ಹತ್ತು ಸಲ ಕದಿಯುತ್ತಿದ್ದೇನೆ. ನಿಜ ಹೇಳಿದರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬರುವ ವಾರ ನಿಮ್ಮ ಮನೆಯನ್ನು ಕೊಯ್ಯುತ್ತಾರೆ. ಮೇಲ್ಮನವಿ ಕೊಟ್ಟು ಬಂದೆ. ನಿಮ್ಮದೇ ದನಿಯಲ್ಲವೇ ಎಂದು ನಕ್ಕು ಕಳಿಸಿದರು.

ಇಲ್ಲಿ ನನ್ನಿಂದ ಆಗುವುದು ಇನ್ನೇನೂ ಇಲ್ಲ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಓಣಿಯಿಂದ ತೆಂಕಣಕ್ಕೆ ಮೂರು ಓಣಿ ದಾಟಿದರೆ ಇದಿನಬ್ಬನವರ ಹಿರಿಯರ ಮನೆ. ನಿಮ್ಮ ಕಾಲದಲ್ಲಿ ಅದು ಗಟ್ಟಿ ನೆಲ, ನಡೆದರೆ ಐದು ನಿಮಿಷವೂ ಬೇಡ. ಒಂದು ದಿನ ಅಲ್ಲಿಗೆ ಹೋಗಿ. ಪರಿಚಯ ಇಲ್ಲದಿದ್ದರೆ ಮಾಡಿಕೊಳ್ಳಿ, ಚಾ ಕೊಟ್ಟರೆ ಬೇಡ ಎನ್ನದೆ ಕುಡಿಯಿರಿ. ಅವರ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ, ಒಂದೊಂದು ಹೆಸರನ್ನೂ ಬಾಯಿಬಿಟ್ಟು ಹೇಳಿ. ಹೊರಡುವಾಗ ಅವರ ಗೋಡೆಗೆ ಒಮ್ಮೆ ಕೈಯೂರಿ ನಿಲ್ಲಿ, ಚಪ್ಪಲಿ ಹಾಕಿಕೊಳ್ಳಲು ಆಧಾರಕ್ಕೆ ಹಿಡಿದ ಹಾಗೆ, ಯಾರಿಗೂ ಏನೂ ಅನ್ನಿಸದಿರಲಿ.

ನೀವು ಅಷ್ಟು ಮಾಡಿದರೆ, ಅಲ್ಲಿ ನಮ್ಮವರ ಕೈ ಮೊದಲೇ ಒಮ್ಮೆ ಬಿದ್ದಿತ್ತು ಎಂದಾಗುತ್ತದೆ. ಆಗ ಅಜ್ಜಿಗೆ ನಾನು ಹೇಳಿದ್ದು ಪೂರ್ತಿ ಸುಳ್ಳಾಗುವುದಿಲ್ಲ.

ನಿಮ್ಮ ಮನೆಯ ಹೆಣ್ಣುಮಗಳು,
ವಾರಿಜಾ