ತೂಬಿನ ಬಳಿ ನಿಮ್ಮ ಮೊಹರು

ಮಂಡಲ ಪಂಚಾಯಿತಿಯ ಆಡಳಿತಾಧಿಕಾರಿಗಳೇ,

ಈ ರಾಜ್ಯದ ಮೂವರು ಮುಖ್ಯಮಂತ್ರಿಗಳು ನನ್ನ ಜಗಲಿಗೆ ಬಂದು, ನನ್ನನ್ನು ಒಂದು ಮಾತು ಕೇಳಿದ ಮೇಲೆಯೇ ಪ್ರಮಾಣವಚನ ತೆಗೆದುಕೊಂಡವರು. ಅಂಥವನು ಬರೆಯುತ್ತಿದ್ದೇನೆ, ಕುರ್ಚಿಯಲ್ಲಿ ನೆಟ್ಟಗೆ ಕೂತು ಓದಿ. ಸರ್ಕಾರಿ ತೂಬು ಮುಟ್ಟಿದನೆಂದು ನಮ್ಮೂರ ನೀರುಗಂಟಿ ಸೊಣ್ಣಪ್ಪನ ಮೇಲೆ ಕೇಸು ಹಾಕುವುದಾಗಿ ನೀವು ಕಳಿಸಿರುವ ನೋಟೀಸು ನಾಚಿಕೆಗೇಡು.

ಮಾಕಳಿದುರ್ಗದ ಬೆಟ್ಟದ ಕೆಳಗಿನ ನಮ್ಮ ಕೆರೆಯನ್ನು ನೀವು ನೋಡಿದ್ದೀರಾ? ಜೀಪಿನಿಂದ ಇಳಿದರಲ್ಲವೇ ನೋಡುವುದು! ಆ ಕೆರೆಯ ನೀರನ್ನು ಇಪ್ಪತ್ತೆರಡು ವರ್ಷ ಗದ್ದೆ ಗದ್ದೆಗೆ ಹಂಚಿದವನು ಸೊಣ್ಣಪ್ಪ. ಅವನ ಬಳಿ ಆದೇಶವಿಲ್ಲ, ಮೊಹರಿಲ್ಲ, ಸಹಿ ಮಾಡಲೂ ಬಾರದು. ಇರುವುದು ಒಂದೇ ಕಟ್ಟಳೆ: ನೀರುಗಂಟಿಯ ಗದ್ದೆಗೆ ನೀರು ಎಲ್ಲರಿಗಿಂತ ಕೊನೆಗೆ. ಚುನಾಯಿತ ಪಂಚಾಯಿತಿಯ ಅವಧಿ ಮುಗಿದು ನೀವು ನೇಮಕವಾಗಿ ಬಂದಿರಿ. ಬಂದವರೇ, ಇವನನ್ನು ನೇಮಿಸಿದ್ದು ಯಾರು ಎಂದು ಕೇಳಿದಿರಿ. ನಿಮ್ಮನ್ನು ಆರಿಸಿದ್ದು ಯಾರೆಂದು ನಾವು ಕೇಳಿದೆವೇ?

ನಿಮ್ಮ ಗುಮಾಸ್ತರ ಕೈ ಬಿಸಿ ಮಾಡಿ ಸೊಣ್ಣಪ್ಪನ ಜಾಗಕ್ಕೆ ನನ್ನ ಹೆಸರಿನ ಆದೇಶ ತಂದ ಮಹಾಶಯ ನಾನೇ. ಮೊದಲ ದಿನವೇ ತೂಬು ಎತ್ತಿ ನೀರನ್ನು ನೇರ ನನ್ನ ಗದ್ದೆಗೆ ತಿರುಗಿಸಿದೆ. ನೀವಾಗಿದ್ದರೆ ಬೇರೆ ಮಾಡುತ್ತಿದ್ದಿರಾ? ಕಟ್ಟಕಡೆಯ ಗದ್ದೆಯ ಕದಿರಮ್ಮ ಸನಿಕೆ ಹಿಡಿದು ಬಂದಳು. ನಾನು ಆದೇಶ ಓದಿದೆ.

"ಆ ಕಾಗ್ದಾನ ಮಡ್ಚಿ ಕಾಲ್ವೆ ಬಾಯಿಗೆ ಅಡ್ಡ ಇಡು ಮಾವ," ಅಂದಳು. "ನೀರ್ ನಿಲ್ತದಾ ನೋಡಾನ."

"ಇದು ಗೌರ್ಮೆಂಟ್ ಆರ್ಡರ್ ಕಣಮ್ಮ!"

"ಹಂಗಾರೆ ಹೋಗಿ ಗೌರ್ಮೆಂಟ್ ಗದ್ದೇಗೇ ಬಿಟ್ಕೋ."

ನನ್ನ ಬದು ಒಡೆದೇ ಹೋದಳು. ಮರುದಿನ ಎಲ್ಲರೂ ಒಡೆದರು. ವಾರದಲ್ಲಿ ಅರ್ಧ ನೀರು ಹಳ್ಳ ಸೇರಿತು, ಇಬ್ಬರ ತಲೆ ಒಡೆಯಿತು. ಊರವರು ಹೋಗಿ ಸೊಣ್ಣಪ್ಪನನ್ನು ಕರೆತಂದರು. ಅವನು ಬರಿಗೈಯಲ್ಲಿ ಏರಿಯ ಮೇಲೆ ನಿಂತು, "ಮೊದ್ಲು ಕದಿರಮ್ಮಂದು," ಅಂದ. ಎತ್ತಿದ್ದ ಸನಿಕೆಗಳೆಲ್ಲ ಕೆಳಗಿಳಿದವು. ಸರದಿ ಮುಗಿಯುವ ಮೊದಲೇ ಕೆರೆಯ ತಳ ಕಂಡಿತು. ಒಣಗಿದ್ದು ಅವನ ಗದ್ದೆಯೊಂದೇ. ಆ ಒಣ ಪೈರನ್ನು ಹಸುವಿಗೆಂದು ಕೊಯ್ಯುತ್ತಿದ್ದಾಗ ನಿಮ್ಮ ನೋಟೀಸು ಅವನ ಕೈಗೆ ಬಂತು.

ನಿಮ್ಮ ಮೊಹರನ್ನು ಕಿತ್ತುಕೊಂಡರೆ, ಸ್ವಾಮಿ, ನಿಮ್ಮ ಮಾತಿಗೆ ನಿಮ್ಮ ಜವಾನನಾದರೂ ಬೀಡಿ ಆರಿಸುತ್ತಾನೆಯೇ?

ನೋಟೀಸು ವಾಪಸ್ಸು ಪಡೆಯಿರಿ. ನನ್ನ ಆದೇಶವನ್ನು ಇದಕ್ಕೇ ಲಗತ್ತಿಸಿದ್ದೇನೆ, ರದ್ದು ಮಾಡಿ. ಕೇಸು ಹಾಕಲೇಬೇಕೆಂದರೆ ಲಂಚ ಕೊಟ್ಟ ನನ್ನ ಮೇಲೂ ತಿಂದ ನಿಮ್ಮವರ ಮೇಲೂ ಹಾಕಿ. ಸಾಕ್ಷಿ ಹೇಳುವವನು ಸುಳ್ಳು ಹೇಳಬಾರದು. ಊರಲ್ಲೆಲ್ಲ ಹತ್ತು ಸಾವಿರ ಕೊಟ್ಟೆನೆಂದು ಹೇಳಿಕೊಂಡು ತಿರುಗಿದ್ದೇನೆ. ನಿಮ್ಮ ಗುಮಾಸ್ತರು ಎಣಿಸಿಕೊಂಡದ್ದು ಮುನ್ನೂರ ಎಪ್ಪತ್ತು ರೂಪಾಯಿ.

ಇಂತಿ,
ಕಾಗದದ ಮೇಲಿನ ನೀರುಗಂಟಿ,
ಅಪ್ಪಯ್ಯಣ್ಣ