ಕಸದ ಗುಡ್ಡದ ಮೇಲೆ ಒಣಗಿದ ಲಂಗೋಟಿಗಳು

ಶಾಲಿವಾಹನ ಶಕ ಎರಡು ಸಾವಿರದ ನೂರ ಹದಿನಾಲ್ಕು, ಎರಡನೆಯ ಕಾರ್ತಿಕ
ಮೂಡಣ ಗುಡ್ಡದ ಕಾವಲುಮನೆ

ಎಷ್ಟೋ ತಲೆಮಾರು ಹಿಂದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ತಾಯಿಗೆ,

ನಮಗೆ ವರ್ಷಕ್ಕೆ ಎರಡು ಕಾರ್ತಿಕ. ಮಳೆ ಜಾರುತ್ತ ಜಾರುತ್ತ ಹಿಂದೆ ಬಿದ್ದಾಗ ಪಂಚಾಂಗದವರು ತಿಂಗಳೊಂದನ್ನು ಸೇರಿಸಿದರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಮನ್ನಿಸಬೇಕು. ನಿಮ್ಮ ಕಾಲದ ಎಷ್ಟೋ ಶಬ್ದಗಳು ನಮ್ಮಲ್ಲಿ ಸತ್ತಿವೆ. 'ಲಂಗೋಟಿ' ಎಂಬುದನ್ನೇ ನಾನು ಹುಡುಕಿ ತಂದು ಬಾಯಿಗೆ ರೂಢಿ ಮಾಡಿಕೊಂಡಿದ್ದೇನೆ. ಈ ಕಾಗದವನ್ನು ನಿಮಗೆ ಮುಟ್ಟಿಸುವ ಅಂಚೆ ಯಾವುದೂ ಇಲ್ಲ. ಸುರುಳಿ ಸುತ್ತಿ ಗುಡ್ಡದೊಳಕ್ಕೆ ತೂರಿಸುತ್ತೇನೆ. ಇಲ್ಲಿ ಕೆಳಗೆ ಹೋದಷ್ಟೂ ಹಳೆಯ ವರ್ಷಗಳಿವೆ.

ಗುಡ್ಡವೆಂದರೆ ಕಲ್ಲುಮಣ್ಣಿನದಲ್ಲ, ನಿಮ್ಮ ಊರುಗಳ ಕಸದ್ದು. ಮೇಲೆ ಹುಲ್ಲು ಬೆಳೆದಿದೆ, ಒಳಗೆ ಇನ್ನೂ ಕೊಳೆಯುತ್ತಿದೆ. ಹಾಗೆ ಕೊಳೆಯುವಾಗ ಏಳುವ ಅನಿಲಕ್ಕೆ ನಾವು 'ಉಸಿರು' ಎನ್ನುತ್ತೇವೆ. ಅದನ್ನು ಕೊಳವೆಗಳಲ್ಲಿ ಹಿಡಿದು ಕೆಳಗಿನ ಕೆಂಪಹಾಳ ಪೇಟೆಗೆ ಕಳಿಸುವುದು ಕಾವಲಿನವರ ಕೆಲಸ. ಬೆಳಿಗ್ಗೆ ಒತ್ತಡ ನೋಡಬೇಕು, ವಾಲ್ವ್ ತಿರುಗಿಸಬೇಕು, ಪಕ್ಕದ ಗುಡ್ಡದವರಿಗೆ ಮಾತಾಡುವ ತಂತಿಯ ಮೇಲೆ ಹೇಳಬೇಕು. ಬೆಂಕಿ ಹಚ್ಚುವಂತಿಲ್ಲ. ಅಡುಗೆಯ ಬುತ್ತಿ, ನೀರು ಎರಡೂ ವಾರಕ್ಕೊಮ್ಮೆ ಬಂಡಿಯಲ್ಲಿ ಬರುತ್ತವೆ. ನೆರೆಮನೆಯಿಲ್ಲ, ನಾಯಿಯೂ ಹತ್ತುವುದಿಲ್ಲ. ಜೋರು ಮಳೆ ಬಂದು ಕೊರಕಲು ಬಿದ್ದಾಗ ಬಿಳಿಯ ಉಂಡೆಗಳು ಹೊರಬರುತ್ತವೆ. ನಿಮ್ಮ ಕೂಸುಗಳಿಗೆ ಕಟ್ಟಿ, ಬಿಚ್ಚಿ, ಮಡಿಚಿ, ಅಂಟಿಸಿ ಎಸೆದ ಡೈಪರುಗಳು. ಯಾವ ತಾಯಿ ಹೇಗೆ ಮಡಿಚಿದ್ದಳೋ ಹಾಗೆಯೇ ಇರುತ್ತವೆ. ಮೊದಲ ವರ್ಷ ನಾನು ಹೇಸಿದ್ದೆ. ಆಮೇಲೆ, ಗುಡ್ಡದ ಮೇಲೆ ಮನುಷ್ಯರ ಕೈಗುರುತು ಇರುವುದು ಅವುಗಳ ಮೇಲೆ ಮಾತ್ರ ಎನ್ನಿಸಿ, ಕಂಡರೆ ನಿಂತು ನೋಡುತ್ತಿದ್ದೆ.

ನನ್ನ ಹೆಸರು ಸಾವಂತ್ರಿ. ನನ್ನ ಗಂಡ ಫಕ್ಕೀರೇಶ, ನಾನು ಇಬ್ಬರೂ ಕಾವಲಿಗಿದ್ದೆವು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಅವನು ಬಡಗಣ ಕೊಳವೆ ನೋಡಲು ಹೋದ, ಕಾಲಡಿಯ ನೆಲ ಕುಸಿಯಿತು. ಬಂಡಿಯವರು ಬಂದು ಎತ್ತುವ ಹೊತ್ತಿಗೆ ಹೆಣವಾಗಿದ್ದ. ಪೇಟೆಯ ಹೆರಿಗೆಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಹೊನ್ನವ್ವ ಎಂದು ಹೆಸರಿಟ್ಟೆ, ಹೊನ್ನಿ ಎಂದು ಕರೆದೆ.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ಗುಡ್ಡಕ್ಕೆ ಇನ್ನು ಒಂದು ಹಿಡಿ ಕಸವೂ ಸೇರಕೂಡದು. ಕೂಸುಗಳಿಗೆ ಕಟ್ಟುವ ಹೀರುಪಟ್ಟಿ ಪೇಟೆಯ ಗುಂಡಿಗಳಲ್ಲಿ ಮಾತ್ರ ಕರಗುತ್ತದೆ, ಬುತ್ತಿಯ ಬಂಡಿಯಲ್ಲಿ ಅದನ್ನು ಹೇರುವಂತಿಲ್ಲ. ಅದಕ್ಕಾಗಿ ಕಾವಲಿನವರ ಕೂಸುಗಳನ್ನು ತೊಟ್ಟಿಲಮನೆಗೆ ಒಪ್ಪಿಸಿಕೊಳ್ಳುತ್ತಾರೆ. ಅಲ್ಲಿ ಸಾಲುಸಾಲು ತೊಟ್ಟಿಲುಗಳು, ಪಾಳಿಯ ಮೇಲೆ ಬರುವ ದಾದಿಯರು. ತಾಯಿ ಹಬ್ಬಕ್ಕೊಮ್ಮೆ ಹೋಗಿ ನೋಡಬಹುದು. ಕಾವಲು ನಡೆಸುವ ಮಂಡಳಿಯ ಇಂದ್ರಾಬಾಯಿ ನನ್ನ ಹಾಸಿಗೆಯ ಪಕ್ಕ ಬಂದು ಕೂತಾಗ ನಾನು ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ.

"ಪಟ್ಟಿ ಇಲ್ಲದ ಕೂಸು ಹೆಂಗ ಸಾಕತಿ?" ಎಂದರು.

"ಬಟ್ಟಿ ಕಟ್ಟತೀನಿ."

"ಬಟ್ಟಿ ಕಟ್ಟಿ ಸಾಕಿದವರನ್ನ ನೀ ನೋಡೀಯೇನು?"

"ಇಲ್ಲ. ಆದ್ರ ಈಕೀನ್ನ ಕೊಡಂಗಿಲ್ಲ."

"ತಿಂಗಳೊಪ್ಪತ್ತು ಬಿಟ್ಟು ಬರ್ತೀನಿ. ಕೂಸಿನ ಮೈ ಕೆಟ್ಟಿತ್ತಂದ್ರ ಅವತ್ತs ಇಳಿಸಿಕೊಂಡು ಹೋಗ್ತೀನಿ," ಎಂದರು.

ಫಕ್ಕೀರೇಶನ ಹಳೆಯ ಧೋತರಗಳಿದ್ದವು. ಹರಿಯುವ ಮುಂಚೆ ಮುಖಕ್ಕೆ ಹಿಡಿದುಕೊಂಡು ಕೂತೆ. ಆಮೇಲೆ ಹರಿದೆ. ಉಗ್ರಾಣದಿಂದ ಹೊಸ ದಪ್ಪ ಬಟ್ಟೆಯನ್ನೂ ಕೇಳಿ ಪಡೆದೆ. ಕಟ್ಟುವುದು ಹೇಗೆಂದು ಕೇಳಲು ಯಾರಿದ್ದಾರೆ? ತಂತಿಯ ಆ ಕಡೆ ಹುಸೇನಬಿ ಇದ್ದಳು. ಪಡುವಣ ಗುಡ್ಡದ ಕಾವಲಿನವಳು, ನನಗಿಂತ ಬಹಳ ಹಿರಿಯಳು. ನಾಲ್ಕು ವರ್ಷ ದಿನಾ ಮಾತಾಡಿದ್ದೇವೆ, ಮುಖ ಕಂಡಿಲ್ಲ. ಹಬ್ಬ, ಹೆರಿಗೆ ಬಿಟ್ಟರೆ ಕಾವಲು ಬಿಟ್ಟು ಕದಲುವಂತಿಲ್ಲವಲ್ಲ.

"ನನ್ನ ಏನ್ ಕೇಳ್ತಿ, ಸಾವಂತ್ರಿ?" ಎಂದಳು. "ನನ್ನ ಮಗನ್ನ ವಾರ ತುಂಬೂದ್ರೊಳಗ ತೊಟ್ಟಿಲಮನಿಗೆ ಕೊಟ್ಟೀನಿ. ಹಬ್ಬಕ್ಕ ಹೋದ್ರ ದಾದಿ ಸೆರಗ ಹಿಡಕೊಂಡು ನನ್ನ ನೋಡಿ ಅಳತಿದ್ದ. ಆಮ್ಯಾಲೆ ಹೋಗೂದs ಬಿಟ್ಟೆ." ಆಮೇಲೆ, "ನಡಿ, ಇಬ್ರೂ ಕೂಡೇ ಕಲಿಯೂಣು," ಎಂದಳು.

ಹಾಗೆ ಕಲಿತೆವು. ಚೌಕ ಬಟ್ಟೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಚಿ, ತುದಿಯನ್ನು ಕಾಲ ನಡುವೆ ತಂದು, ಎರಡು ಕಿವಿಗಳನ್ನು ಹೊಕ್ಕುಳಿನ ಕೆಳಗೆ ಗಂಟು ಹಾಕುವುದು. ಹುಸೇನಬಿ ತನ್ನ ತಲೆದಿಂಬಿಗೆ ಕಟ್ಟಿ ನೋಡಿ ನನಗೆ ಹೇಳುತ್ತಿದ್ದಳು. ನನ್ನ ಮೊದಲ ಗಂಟು ಸಡಿಲಾಗಿ ಜಾರಿತು, ಎರಡನೆಯದು ಬಿಗಿಯಾಗಿ ಎಳೆಯ ತೊಡೆಯ ಮೇಲೆ ಗೆರೆ ಮೂಡಿತು. ಬೆರಳು ಹೋಗುವಷ್ಟು ಎಡೆ ಬಿಡಬೇಕೆಂದು ಆಗ ತಿಳಿಯಿತು. ಹೊಸ ಬಟ್ಟೆ ನೀರನ್ನೇ ಕುಡಿಯಲಿಲ್ಲ. ಉಚ್ಚೆ ಅದರ ಮೇಲೆ ಎಲೆಯ ಮೇಲಿನ ಹನಿಯಂತೆ ಉರುಳಿತು. ನಾಲ್ಕಾರು ಒಗೆತ ಕಂಡು ಮೆತ್ತಗಾದ ಮೇಲೆಯೇ ಹೀರತೊಡಗಿತು. ಮೈಗೆ ತಾಗುವಲ್ಲಿ ಧೋತರ, ಅದರ ಹೊರಗೆ ದಪ್ಪ ಬಟ್ಟೆಯ ಪದರ. ಮಲಗಿಸುವಾಗ ಹಾಸಿಗೆ ನೆನೆಯದಂತೆ ಎಲ್ಲಕ್ಕೂ ಹೊರಗೆ ಕಂಬಳಿಯ ತುಂಡು. ಉಣ್ಣೆ ನೀರನ್ನು ಬೇಗ ಹೊರಬಿಡುವುದಿಲ್ಲ. ಬಿಸಿಲು ಏರಿದಾಗ ಏನೂ ಕಟ್ಟದೆ ಚಾಪೆಯ ಮೇಲೆ ಬಿಡುತ್ತಿದ್ದೆ. ಕಾಲು ಬಡಿಯುತ್ತ ಅವಳು ಆಕಾಶದೊಂದಿಗೆ ಮಾತಾಡುವಳು.

ಆದರೆ ನೀರು ಎಲ್ಲಿಂದ ತರಲಿ? ಹೇಲು ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಕರಿ ಬಳಿದ ಡ್ರಮ್ಮಿನಲ್ಲಿ ಬಿಸಿಲಿಗೆ ಕಾದ ನೀರು, ಅಂಟುವಾಳದ ನೊರೆ ಹಾಕಿ ತಿಕ್ಕಿ, ಹಿಂಡಿ ಹರವುತ್ತಿದ್ದೆ. ನೀರು ಉಳಿಸಲು ಕೊನೆಯ ಜಾಲಿಕೆಯನ್ನು ಅರೆಬರೆ ಮಾಡುತ್ತಿದ್ದೆ. ಇಂದ್ರಾಬಾಯಿ ಬರುವ ವಾರ ಹೊನ್ನಿಯ ಕುಂಡೆ, ತೊಡೆಸಂದಿ ಕೆಂಡದಂತೆ ಕೆಂಪಾದವು. ಬಟ್ಟೆ ಮುಟ್ಟಿಸಿದರೆ ಚೀರುವಳು. ಕೊಬ್ಬರಿ ಎಣ್ಣೆ ಹಚ್ಚಿದೆ, ಗಳಿಗೆಗೊಮ್ಮೆ ಬದಲಿಸಿದೆ, ಇಳಿಯಲಿಲ್ಲ. ಇನ್ನು ಇವಳು ನನ್ನವಳಲ್ಲ ಎಂದುಕೊಂಡು ಕೂಸನ್ನು ಎದೆಗೊತ್ತಿಕೊಂಡು ಬಿಸಿಲಿನಲ್ಲಿ ನಿಂತೇ ಇದ್ದೆ.

ತಂತಿಯಲ್ಲಿ ಚೀರಾಟ ಕೇಳಿದ ಹುಸೇನಬಿ, "ಬಟ್ಟಿ ಒಳಗs ಏನರ ಉಳಿದಿರಬೇಕು ನೋಡವ್ವಾ," ಎಂದಳು. ಹಗ್ಗದ ಮೇಲಿನ ಒಣ ಬಟ್ಟೆಯ ಮೂಲೆಯನ್ನು ನಾಲಿಗೆಗೆ ಇಟ್ಟೆ. ಅಂಟುವಾಳದ ಕಹಿ! ನಾನು ಉಳಿಸಿದ ನೀರು ಕೂಸಿನ ಮೈಮೇಲೆ ಉರಿಯುತ್ತಿತ್ತು. ಅವತ್ತು ಕುಡಿಯುವ ನೀರಿನ ಕೊಡಗಳನ್ನೂ ಬಗ್ಗಿಸಿ, ಕಹಿ ಹೋಗುವ ತನಕ, ನಾಲಿಗೆ ಸಪ್ಪೆ ಎನ್ನುವ ತನಕ ಎಲ್ಲವನ್ನೂ ಜಾಲಿಸಿದೆ. ಬಂಡಿ ಬರುವವರೆಗೆ ಗುಟುಕು ಗುಟುಕಾಗಿ ಕುಡಿದೆ, ಎದೆಹಾಲು ಬತ್ತೀತೆಂದು ಹೆದರುತ್ತಲೇ. ಹಾಲು ನಿಲ್ಲಲಿಲ್ಲ. ಮೂರನೆಯ ದಿನಕ್ಕೆ ಕೆಂಪು ಇಳಿಯಿತು.

ಇಂದ್ರಾಬಾಯಿ ಬಂದು ಗಂಟು ಬಿಚ್ಚಿದರು. ಸಂದಿಸಂದಿ ನೋಡಿದರು. ಒಗೆದ ಬಟ್ಟೆಯೊಂದನ್ನು ಮೂಗಿಗೆ ಹಿಡಿದರು. ಮತ್ತೆ ಕಟ್ಟಲು ಹೋಗಿ, ಬಾರದೆ, ನನ್ನ ಮುಖ ನೋಡಿದರು. ನಾನು ತೋರಿಸಿದೆ. "ಕಾಲು ಬರೋತನಕ ಇಟ್ಟುಕೋ," ಎಂದರು. "ನಡಿಯೂ ಕೂಸಿಗೆ ಈ ನೆಲ ಅಲ್ಲ. ಅದನ್ನ ನಾ ನಿನಗ ಹೇಳಬೇಕಾಗಿಲ್ಲ." ಬಡಗಣ ದಿಕ್ಕಿಗೆ ಇಬ್ಬರೂ ನೋಡಲಿಲ್ಲ.

ವರ್ಷ ಹಾಗೆ ಕಳೆಯಿತು. ನಿಮಗೆ ಇದು ಬೇಸರದ ಕೆಲಸವಾಗಿ ಕಾಣಬಹುದು. ಜಾಲಿಸು, ತಿಕ್ಕು, ಹಿಂಡು, ಹರವು, ಮಡಿಚು. ನನಗೆ ಅದು ದಿನಕ್ಕೆ ಆಕಾರ ಕೊಟ್ಟಿತು. ಬೆಳಗಿನ ಒತ್ತಡ ಹೇಳಿದ ಮೇಲೆ ಹುಸೇನಬಿ, "ಆಕೀನ್ನ ಹತ್ರ ಹಿಡಿ," ಎನ್ನುತ್ತಿದ್ದಳು. ಹೊನ್ನಿ ಮೊದಲು ಉಸಿರು ಬಿಟ್ಟಳು, ಆಮೇಲೆ ನಕ್ಕಳು, ಆಮೇಲೆ 'ಬೀ' ಎಂದಳು. "ಇನ್ನೊಮ್ಮೆ ಅನ್ನಸು," ಎಂದಳು ಹುಸೇನಬಿ.

ಹೋದ ತಿಂಗಳು ಹೊನ್ನಿ ಗೋಡೆ ಬಿಟ್ಟು ನನ್ನ ಕಡೆ ನಾಲ್ಕು ಹೆಜ್ಜೆ ಹಾಕಿದಳು. ಎತ್ತಿಕೊಂಡು ಅತ್ತೆ. ಅವಳನ್ನು ಒಬ್ಬಳನ್ನೇ ತೊಟ್ಟಿಲಮನೆಗೆ ಇಳಿಸಲು ನನ್ನಿಂದ ಆಗದು. ಕಾವಲು ಬಿಟ್ಟೆನೆಂದು ಮಂಡಳಿಗೆ ಹೇಳಿ ಕಳಿಸಿದೆ. ಪೇಟೆಯಲ್ಲಿ ಒಗೆತದ ಕೆಲಸ ಕೊಟ್ಟಿದ್ದಾರೆ. ಈ ಗುಡ್ಡಕ್ಕೆ ಇನ್ನು ಮನುಷ್ಯರು ಬರುವುದಿಲ್ಲ, ವಾಲ್ವುಗಳನ್ನು ಯಂತ್ರಗಳು ತಿರುಗಿಸುತ್ತವೆ. ತಂತಿಯನ್ನು ನಾಳೆ ಕತ್ತರಿಸುತ್ತಾರೆ. ಇದನ್ನು ಹುಸೇನಬಿಗೆ ಹೇಳುವುದು ಹೇಗೆಂದು ಎರಡು ದಿನ ಒದ್ದಾಡಿ, ನಿನ್ನೆ ಹೇಳಿದೆ.

"ಚಲೋ ಮಾಡ್ದಿ," ಎಂದಳು. "ನಾ ಅವತ್ತ ಅದನ್ನs ಮಾಡಬೇಕಿತ್ತು."

"ಅಕ್ಕಾ, ನೀನೂ ಇಳಿದು ಬಾ."

"ಈ ವಯಸ್ಸಿನಾಗ ಯಾರ ಮನಿಗೆ ಬರಲಿ? ಇರಲಿ ಬಿಡು. ಒಂದು ಕೆಲಸ ಮಾಡತಿಯೇನು? ಆಕೀ ಬಟ್ಟಿ ಒಂದು ಬಂಡಿಯವರ ಕೈಯಾಗ ಕಳಸು."

"ಮೆತ್ತಂದು, ಚಂದಾಗಿ ಒಗದು ಕಳಸತೀನಿ."

"ಬ್ಯಾಡ. ಒಗೀಬ್ಯಾಡ, ಸಾವಂತ್ರಿ."

ಇವತ್ತು ಬೆಳಿಗ್ಗೆ ಹೊನ್ನಿ ಎದ್ದ ಕೂಡಲೆ ಬಿಚ್ಚಿದ ಲಂಗೋಟಿಯನ್ನು, ಬೆಚ್ಚಗಿದ್ದಂತೆಯೇ, ಕಂಬಳಿಯ ತುಂಡಿನಲ್ಲಿ ಸುತ್ತಿ ಬಂಡಿಯಲ್ಲಿಟ್ಟೆ. ಪಡುವಣ ಗುಡ್ಡ ಮುಟ್ಟಲು ಒಂದು ಹಗಲು ಬೇಕು. ಬಂಡಿ ಕಣ್ಮರೆಯಾಗುವ ತನಕ ನೋಡಿದೆ. ತಾಯಿ, ನಿಮ್ಮ ಕೂಸು ಈಗ ನಿಮ್ಮ ತೊಡೆಯ ಮೇಲಿದೆ. ಒದ್ದೆಯಾಗಿರಬಹುದು. ನೋಡಿ, ಬದಲಿಸಿ. ಬರುತ್ತೇನೆ.

ಸಾವಂತ್ರಿ