ಮಡುವಿನ ಮೇಲಿನ ಕಿಟಕಿ

ಮಾರ್ಚ್ 9, ಸೋಮವಾರ

ಟಿಕೆಟ್ ಮೆಷಿನ್ ಮತ್ತೆ ಕಾಗದ ನುಂಗಿತು. ಕತ್ತರಿ ತುದಿಯಿಂದ ಕೆದಕುತ್ತ ಕೂತಿದ್ದಾಗ ಮ್ಯಾನೇಜರ್ ಬಂದರು. ಮುಖ ಮೊರದಗಲ. ಕೈಯಲ್ಲಿ ಕಲರ್ ಪ್ರಿಂಟ್. ‘ನಮ್ಮ ದೇಶದಲ್ಲೇ ನೋಡಲೇಬೇಕಾದ ಹತ್ತು ಪ್ರಕೃತಿ ವಿಸ್ಮಯಗಳು.’ ಪ್ರವಾಸಿಗರೇ ಮತ ಹಾಕಿ ಆರಿಸಿದ್ದಂತೆ, ಯಾವುದೋ ದೊಡ್ಡ ವೆಬ್‌ಸೈಟಿನಲ್ಲಿ. ಮೊದಲನೆಯದು ಸುಣ್ಣಕಲ್ಲಿನ ಗುಹೆ. ಎರಡನೆಯದು ಸಮುದ್ರದೊಳಗಿನ ಕಲ್ಲಿನ ಕಮಾನು. ಮೂರನೆಯದು ನಮ್ಮ ಜಲಪಾತ. ಕಿಟಕಿಯ ಗಾಜಿಗೆ ಅವರೇ ಅಂಟಿಸಿ ಹೋದರು.

ಇವರು, ನಮ್ಮ ಯಜಮಾನರು, ಊಟಕ್ಕೆ ಮೇಲೆ ಬಂದಾಗ ತೋರಿಸಿದೆ. ಹೆಸರು ಓದಲಿಲ್ಲ, ಫೋಟೊ ನೋಡಿದರು. ಹುಡುಗಿಯೊಬ್ಬಳು ಕೆಳಗಿನ ಮಡುವಿನಲ್ಲಿ ಕತ್ತಿನವರೆಗೆ ಇಳಿದು ನಗುತ್ತಿದ್ದಾಳೆ.

“ನಾನು ರಜೆ ಹಾಕಿದ ದಿನ ತೆಗೆದಿರ್ಬೇಕು. ಇನ್ನೆರಡು ಮಾರು ಎಡಕ್ಕೆ ಸರಿದಿದ್ರೆ ಇವಳು ಸಿಕ್ತಿರ್ಲಿಲ್ಲ.”

ಆ ಮಡು ಹಾಗೇ. ಮೇಲೆ ಹಸಿರು ಕನ್ನಡಿ. ಎಡಗಡೆ ಬಂಡೆಯಡಿ ಪೊಳ್ಳು. ಬಿದ್ದ ನೀರು ಅದರೊಳಗೆ ನುಗ್ಗುತ್ತದೆ, ಜೊತೆಗೆ ಸಿಕ್ಕಿದ್ದನ್ನೂ ಎಳೆದುಕೊಳ್ಳುತ್ತದೆ. ಜನರನ್ನು ಅಲ್ಲಿಗೆ ಇಳಿಯದಂತೆ ಕಾಯುವುದು ಇವರ ಕೆಲಸ. ಕಿತ್ತಳೆ ಬಣ್ಣದ ಅಂಗಿ, ಕೊರಳಲ್ಲಿ ಸೀಟಿ, ಹೆಗಲಲ್ಲಿ ಹಗ್ಗ. ಅಂಗಡಿಯವರೆಲ್ಲ ಕರೆಯುವುದು ‘ನೀರುಕೋಳಿ’.

ಮನೆಗೆ ಬಂದು ಅತ್ತೆಗೆ ಹೇಳಿದೆ. “ನೀರು ಬೀಳೋದ್ನ ನೋಡಕ್ಕೆ ಅಷ್ಟು ದೂರದಿಂದ ಬರ್ತಾರಾ? ಅವರೂರಲ್ಲೇನು ನೀರು ಮೇಲಕ್ಕೆ ಹೋಗುತ್ತಾ?”

ಮಾರ್ಚ್ 22, ಭಾನುವಾರ

ನೀರು ಕುಡಿಯಲೂ ಏಳಲಾಗಲಿಲ್ಲ. ಸಾಲು ಬಸ್ ನಿಲ್ದಾಣದವರೆಗೆ. ಎಲ್ಲರ ಕೈಯಲ್ಲೂ ಆ ಪಟ್ಟಿ. ಗುಹೆಗೆ ಇಲ್ಲಿಂದ ಎಷ್ಟು ಹೊತ್ತು ಮೇಡಂ? ಕಮಾನಿನ ಹತ್ತಿರ ಲಾಡ್ಜ್ ಚೆನ್ನಾಗಿದೆಯಾ? ಏನೋ ಒಂದು ಹೇಳಿ ಕಳಿಸುತ್ತೇನೆ. ನಾನು ಕಂಡಿರುವ ವಿಸ್ಮಯ ಇದೊಂದೇ. ಇದೂ ಕಿಟಕಿಯಿಂದ ಕಾಣುವುದಿಲ್ಲ, ಸದ್ದು ಮಾತ್ರ.

ಇವರ ಗಂಟಲು ಕಟ್ಟಿದೆ. ಸೀಟಿ ಊದಿದರೆ ಹುಡುಗರು ತಿರುಗಿ ಸಿಳ್ಳೆ ಹೊಡೆಯುತ್ತಾರಂತೆ. ಒಬ್ಬ ಹೇಳಿದನಂತೆ — “ಟಿಕೆಟ್ ತಗೊಂಡೇ ಬಂದಿರೋದು ಕಣ್ರೀ. ಬರೀ ನೋಡಕ್ಕಾದ್ರೆ ಮನೇಲಿ ಟಿವಿ ಇಲ್ವಾ?”

ಮಾರ್ಚ್ 29, ಭಾನುವಾರ

ಒಬ್ಬ ಹೋದ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಗೆಳೆಯರ ಜೊತೆ ಬಂದಿದ್ದ. ಟಿಕೆಟ್ ನಾನೇ ಕೊಟ್ಟಿದ್ದೆ. “ಅಕ್ಕಾ, ಮಡು ಹತ್ರ ನೆಟ್‌ವರ್ಕ್ ಸಿಗುತ್ತಾ?” ಅಂತ ಕೇಳಿದವನು.

ಇವರು ಮೂರು ಸಲ ಮುಳುಗಿ ತಂದರು. ಮೇಲೆ ತರುವಾಗ ದಾರಿಯುದ್ದಕ್ಕೂ ಜನ ಫೋನ್ ಎತ್ತಿ ಹಿಡಿದಿದ್ದರು.

ಏಪ್ರಿಲ್ 1, ಬುಧವಾರ

ಮಡುವಿಗೆ ಕಬ್ಬಿಣದ ಬೇಲಿ ಬೇಕು ಎಂದು ಇವರು ಮ್ಯಾನೇಜರ್ ಹತ್ತಿರ ಹೋದರು. ನಾನೂ ಹೋದೆ. ಮ್ಯಾನೇಜರ್ ಕೆಟ್ಟವರಲ್ಲ. ಆ ಹುಡುಗನ ತಂದೆಯ ಪಕ್ಕ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದವರು.

“ನಾನು ಬರೆದಾಯ್ತಮ್ಮ. ಮೇಲಿನವರು ಒಪ್ತಿಲ್ಲ. ಬೇಲಿ ಹಾಕಿದ್ರೆ ನೋಟ ಕೆಡುತ್ತೆ ಅಂತಾರೆ. ಬೋರ್ಡ್ ಹಾಕ್ಸೋಣ, ದೊಡ್ಡದು.”

“ಬೋರ್ಡು ಯಾರನ್ನ ಹಿಡ್ಕೊಳುತ್ತೆ ಸಾರ್?” ಇವರು ಕೇಳಿದರು.

ಮ್ಯಾನೇಜರ್ ಪೇಪರ್‌ವೇಟ್ ತಿರುಗಿಸುತ್ತ ಕೂತರು. ನಾವೂ ಸ್ವಲ್ಪ ಹೊತ್ತು ನಿಂತಿದ್ದು ಎದ್ದು ಬಂದೆವು... ನಿಂತವರು ಏಳುವುದೇನು. ಏನು ಬರೆಯುತ್ತಿದ್ದೇನೋ.

ಏಪ್ರಿಲ್ 13, ಸೋಮವಾರ

ಬೋರ್ಡ್ ಬಂತು. ಕೆಂಪಕ್ಷರ, ತಲೆಬುರುಡೆ ಚಿತ್ರ. ಅದಕ್ಕೆ ಒರಗಿ ನಿಂತು ನಾಲಿಗೆ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ.

ಇವರ ಊಟ ಕಡಿಮೆಯಾಗಿದೆ. ತುತ್ತು ಕಲಸುತ್ತಾರೆ, ಎತ್ತುವುದಿಲ್ಲ. ಬೇರೆ ಕಡೆ ವರ್ಗ ಕೇಳಿ ಎಂದೆ. ಪಾರ್ಕಿಂಗ್ ಆದರೂ ಸರಿ.

“ಆ ಬಂಡೆ ಕೆಳಗಿನ ದಾರಿ ಇನ್ಯಾರಿಗೆ ಗೊತ್ತೇ?”

ಎದ್ದು ಪಾತ್ರೆ ತೊಳೆದೆ.

ಏಪ್ರಿಲ್ 19, ಭಾನುವಾರ

ಇವತ್ತು ಬರೆಯಲಾರೆ. ಇವರು ಬದುಕಿದ್ದಾರೆ. ಅಷ್ಟು ಸಾಕು.

ಏಪ್ರಿಲ್ 21, ಮಂಗಳವಾರ

ಜಲಪಾತ ಮುಚ್ಚಿದ್ದಾರೆ. ಮನೆಯಲ್ಲಿದ್ದೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಬಂದರು. ಮಗಳಿಗೆ ಎಂಟೋ ಒಂಬತ್ತೋ. ಗಾಜಿನ ಮೇಲಿನ ಪಟ್ಟಿ ಓದಿ, “ಅಪ್ಪಾ, ಇದು ನಮ್ಮದೇ ಪಟ್ಟಿ” ಎಂದಳು. ರಜೆಯಲ್ಲಿ ಹತ್ತನ್ನೂ ನೋಡಬೇಕೆಂದು ಹೊರಟವರು. ನಾಲ್ಕು ಮುಗಿದಿತ್ತಂತೆ. “ಹತ್ತೂ ಮುಗಿಸಿ ಬಂದು ನಿಮಗೆ ಹೇಳ್ತೀವಿ ಬಿಡಿ” ಎಂದು ನಕ್ಕ ಆ ಅಪ್ಪ. ತೆಳ್ಳಗಿನ ಮನುಷ್ಯ. ನೋಡಿದರೆ ಮೇಷ್ಟ್ರ ಹಾಗೆ.

ಮಗು ಮಡುವಿಗೆ ಇಳಿದದ್ದಲ್ಲ. ದಂಡೆಯ ಪಾಚಿಯಲ್ಲಿ ಕಾಲು ಜಾರಿದ್ದು. ಇವರು ಹಗ್ಗ ಎಸೆದರು, ಗಟ್ಟಿಯಾಗಿ ಹಿಡಿದುಕೊಂಡಿತು, ಎಳೆದು ಹಾಕಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅದರ ಅಪ್ಪ ಆಗಲೇ ಹಾರಿಬಿಟ್ಟಿದ್ದ. ಈಜು ಬಾರದವನು. ಯಾವ ಅಪ್ಪ ತಾನೇ ಯೋಚಿಸಿ ಹಾರುತ್ತಾನೆ?

ಇವರು ಹಿಂದೆಯೇ ಹಾರಿದರು. ಬಹಳ ಹೊತ್ತಿನ ಮೇಲೆ ಒಬ್ಬರೇ ಮೇಲೆ ಬಂದರು. ಆ ಮನುಷ್ಯ ಸಿಕ್ಕಿದ್ದು ಸಂಜೆ, ಕೆಳಗಿನ ಸೇತುವೆಯ ಬಳಿ.

ಮಗುವಿನ ಚಿಕ್ಕಮ್ಮ ಬರುವವರೆಗೆ ಅದನ್ನು ನನ್ನ ಟಿಕೆಟ್ ಕೋಣೆಯಲ್ಲೇ ಕೂರಿಸಿಕೊಂಡೆ. ನನ್ನ ಶಾಲು ಹೊದಿಸಿದೆ. ಬಿಸ್ಕತ್ತು ತಿಂದಿತು. ಯಾರೂ ಹೇಳಿರಲಿಲ್ಲ ಅದಕ್ಕೆ. ನನಗೂ ಬಾಯಿ ಬರಲಿಲ್ಲ.

“ಆಂಟಿ, ನಾಳೆ ಗುಹೆ. ಅಲ್ಲಿ ಕತ್ತಲೆ ಅಂತ ಅಪ್ಪ ಟಾರ್ಚ್ ತಗೊಂಡಿದಾರೆ. ನನಗೊಂದು, ಅವರಿಗೊಂದು.”

“ಹೌದಾ ಪುಟ್ಟಾ.”

“ನೀವು ನೋಡಿದೀರಾ ಗುಹೆ?”

“ಇಲ್ಲ ಕಂದ.”

“ಇಷ್ಟು ದೊಡ್ಡೋರಾದ್ರೂ?”

ಮತ್ತೊಂದು ಬಿಸ್ಕತ್ತು ಕೊಟ್ಟೆ. ಬೇರೇನು ಕೊಡಲಿ?

ಏಪ್ರಿಲ್ 23, ಗುರುವಾರ

ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಇವರು ಬಂದು ಹಗ್ಗದ ಆಚೆ ನಿಂತರು. ನಡುವೆ ಒದ್ದೆ ಬೆಡ್‌ಶೀಟ್. ಮುಖ ಕಾಣಲಿಲ್ಲ, ಕಾಲು ಮಾತ್ರ.

“ಒಳಗೆ ಸಿಕ್ಕಿದ್ದ ಕಣೇ. ಕೈಗೆ ಸಿಕ್ಕಿದ್ದ.”

ನಾನು ಕ್ಲಿಪ್ ಹಿಡಿದು ನಿಂತೆ.

“ಕುತ್ತಿಗೆ ತಬ್ಬಿಕೊಂಡ. ಬಿಡಿಸಕ್ಕಾಗ್ಲಿಲ್ಲ. ಇಬ್ಬರನ್ನೂ ಒಳಗೆ ಎಳೀತಿತ್ತು. ನನ್ನ ಉಸಿರು ಮುಗಿದಿತ್ತು...”

“ರೀ, ಬೇಡ. ಹೇಳ್ಬೇಡಿ.”

“ಒದ್ದೆ. ಎದೆಗೆ ಕಾಲು ಕೊಟ್ಟು ಒದ್ದೆ. ಆಗ ಬಿಟ್ಟ.”

ಬೆಡ್‌ಶೀಟ್ ಸರಿಸುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದರು. ಪೊಲೀಸರಿಗೆ ಕೈ ಜಾರಿತು ಎಂದು ಹೇಳಿದ್ದಾರೆ. ನನಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಒದೆಯದಿದ್ದರೆ ಇವತ್ತು ನಾನು ವಿಧವೆ. ಒದ್ದದ್ದಕ್ಕೆ ಆ ಮಗು... ಅವರು ಒದ್ದಿದ್ದಕ್ಕೆ ನನಗೆ ಸಂತೋಷವಾಯಿತು. ಬರೆದುಬಿಟ್ಟೆ. ಇರಲಿ.

ಮೇ 4, ಸೋಮವಾರ

ಇವತ್ತು ಬಾಗಿಲು ತೆರೆದರು. ಮ್ಯಾನೇಜರ್ ತಲೆ ತಗ್ಗಿಸಿಕೊಂಡೇ ಹೊಸ ಪ್ರಿಂಟ್ ಅಂಟಿಸಿದರು. ಈಗ ನಾವು ಎರಡನೆಯವರು. ಸುದ್ದಿಯೆಲ್ಲ ಟಿವಿಯಲ್ಲಿ ಬಂದ ಮೇಲೆ ಮತ ಏರಿತಂತೆ. ‘ಸುಂದರಿ ಆದರೆ ಅಪಾಯಕಾರಿ’ ಎಂದು ಕೆಳಗೊಂದು ಸಾಲು.

ಇವರೂ ಕೆಲಸಕ್ಕೆ ಬಂದರು. ಮೆಟ್ಟಿಲ ಮೇಲಿನ ಕಟ್ಟೆಯಲ್ಲೇ ಕೂತಿದ್ದರು. ಕೆಳಗಿಳಿಯಲಿಲ್ಲ. ಜನ ಕಡಿಮೆ, ನಡೆಯಿತು. ಚಹಾದಂಗಡಿಯ ಅಕ್ಕ ಬಂದು ಕಿಟಕಿಗೆ ಬಗ್ಗಿ, “ನೀರುಕೋಳಿಗೆ ಹುಷಾರಿಲ್ವೇನೇ?” ಎಂದಳು. ಹೊಟ್ಟೆನೋವು ಎಂದೆ.

ಅತ್ತೆಗೆ ಏನೋ ವಾಸನೆ ಬಡಿದಿದೆ. ಕಿವಿ ಮಂದ, ಕಣ್ಣು ಚುರುಕು. “ಅವನು ಸ್ನಾನಕ್ಕೆ ಹೋದ್ರೆ ಹೊರಗೇ ಬರಲ್ವಲ್ಲೇ, ಒಳಗೇನು ಬಟ್ಟೆ ನೇಯ್ತಾನಾ?”

ಮೇ 7, ಗುರುವಾರ

ನೋಡಿದೆ. ನೋಡಬಾರದಿತ್ತು. ಬಚ್ಚಲ ಬಾಗಿಲು ಓರೆಯಾಗಿತ್ತು, ಟವೆಲ್ ಕೊಡಲು ಹೋದೆ.

ಬಕೆಟ್ ಮುಂದೆ ಮಂಡಿಯೂರಿ ಕೂತಿದ್ದಾರೆ. ತುಂಬಿದ ಬಕೆಟ್. ಮುಖ ಅದ್ದುತ್ತಾರೆ. ಕಿವಿ ಮುಳುಗುವ ಮುನ್ನವೇ ಬೆಂಕಿ ತಗುಲಿದವರಂತೆ ಮೇಲೆತ್ತುತ್ತಾರೆ. ಉಸಿರು ಸುಧಾರಿಸಿಕೊಂಡು ಮತ್ತೆ. ಮತ್ತೆ ಎತ್ತುತ್ತಾರೆ. ಕೈಗಳು ಬಕೆಟ್ ಅಂಚನ್ನು ಬಿಟ್ಟಿರಲಿಲ್ಲ. ನಡೆಯಲು ಕಲಿಯುವ ಮುಂಚೆ ಈಜು ಕಲಿತವರು — ಅತ್ತೆ ನೂರು ಸಲ ಹೇಳಿದ ಕಥೆ.

ಟವೆಲ್ ಮೊಳೆಗೆ ಸಿಕ್ಕಿಸಿ ಸದ್ದಿಲ್ಲದೆ ಬಂದೆ.

ಮೇ 8, ಶುಕ್ರವಾರ

ಮ್ಯಾನೇಜರ್ ಹತ್ತಿರ ಹೋದೆ. ಇವರ ವಿಷಯ ಹೇಳಲೆಂದೇ ಹೋದದ್ದು. ಬಾಯಿಂದ ಬಂದದ್ದು ಬೇರೆ — ಇನ್ನೊಬ್ಬರನ್ನು ಹಾಕುತ್ತೀರಾ?

“ಕೇಳಿದೀನಮ್ಮ. ಮುಂದಿನ ತಿಂಗಳು ನೋಡೋಣ ಅಂದಿದಾರೆ. ಅಲ್ಲೀತನಕ ನಿಮ್ಮೆಜಮಾನ್ರೇ ನಮಗೆ ದಿಕ್ಕು. ಅವರು ಅಲ್ಲಿ ನಿಂತಿದ್ರೆ ಅರ್ಧ ಧೈರ್ಯ.”

ಅದೇ ಅಲ್ಲವೇ ನನಗೆ ಹೆದರಿಕೆ. ಕಿತ್ತಳೆ ಅಂಗಿ ಕಂಡರೆ ಜನಕ್ಕೂ ಅರ್ಧ ಧೈರ್ಯ. ಇಳಿದುಬಿಡುತ್ತಾರೆ. ಹೇಳಿದರೆ ಇವರನ್ನು ಮನೆಗೆ ಕಳಿಸುತ್ತಾರೆ, ಸೀಟಿ ಊದುವವರೂ ಇರುವುದಿಲ್ಲ. ಹೇಳದಿದ್ದರೆ... ಅತ್ತ ದರಿ, ಇತ್ತ ಪುಲಿ.

ಬಾಗಿಲ ತನಕ ಹೋಗಿ ತಿರುಗಿದೆ. “ಇನ್ನೇನಾದ್ರೂ ಇತ್ತಾ?” ಎಂದರು. ಮೆಷಿನ್ ಕಾಗದ ನುಂಗುತ್ತಿದೆ ಸಾರ್ ಎಂದೆ.

ಮೇ 10, ಭಾನುವಾರ. ಬೆಳಿಗ್ಗೆ

ಒಟ್ಟಿಗೇ ಬಂದೆವು. ದಾರಿಯಲ್ಲಿ ಕೇಳಿಯೇಬಿಟ್ಟೆ. “ಇವತ್ತು ಕೆಳಗಿಳೀತೀರಾ?”

“ಭಾನುವಾರ ಅಲ್ವಾ. ಮೇಲೆ ಕೂತ್ರೆ ಹೇಗೆ?”

“ನೀರಿಗೆ?”

ಸುಮಾರು ದೂರ ನಡೆದರು. “ಸೀಟಿ ಊದ್ತೀನಿ. ಹಗ್ಗ ಎಸೀತೀನಿ. ಅಷ್ಟರಲ್ಲೇ ಆಗ್ಲಿ ಅಂತ ಕೇಳ್ಕೋ.” ಆಮೇಲೆ, ನನ್ನ ಕಡೆ ನೋಡದೆ, “ಟವೆಲ್ ನೀನೇ ಇಟ್ಟಿದ್ದು ಅಂತ ಗೊತ್ತು” ಎಂದರು.

ಮೆಟ್ಟಿಲ ತಿರುವಿನವರೆಗೆ ಅವರ ಬೆನ್ನು ಕಾಣುತ್ತಿತ್ತು. ಆಮೇಲೆ ಇಲ್ಲ.

ಬಸ್ಸುಗಳು ಬಂದು ನಿಂತಿವೆ. ಇನ್ನೂ ಹೊತ್ತಾಗಿಲ್ಲ, ಆದರೂ ಕಿಟಕಿ ತಟ್ಟುತ್ತಿದ್ದಾರೆ. ಮುಂದೆ ನಿಂತಿರುವವಳು ಇಬ್ಬರು ಗಂಡುಮಕ್ಕಳ ತಾಯಿ. ಮಕ್ಕಳ ಹೆಗಲ ಮೇಲೆ ಆಗಲೇ ಟವೆಲ್. ಗಾಜಿನ ರಂಧ್ರಕ್ಕೆ ಬಾಯಿಟ್ಟು ಕೇಳುತ್ತಿದ್ದಾಳೆ — “ಅಕ್ಕಾ, ಕೆಳಗೆ ನೋಡ್ಕೊಳ್ಳೋರು ಇದಾರಲ್ವಾ? ಈಜು ಬರೋರು?”

ಎರಡನೇ ಸಲ ಕೇಳಿದಳು. ಪೆನ್ ಹಿಡಿದುಕೊಂಡೇ ತಲೆ ಎತ್ತಿದೆ. ನಾನು ಏನೆಂದು ಹೇಳಲಿ?